ಓಬಕ್ಕನ ಬೆರಕೆಗೊಂದು ಮನೆ

ಟಪ್, ಟಪ್. ಸ್ವಲ್ಪ ಬಿಡುವು. ಮತ್ತೆ ಟಪ್.

ಮಾಘ ಮುಗಿಯುತ್ತಿದ್ದಂತೆ ಮಿಡಿಗೇಶಿಯ ನಮ್ಮ ಬೀದಿಗೆ ಬೆಳಗಾಗುವುದು ಈ ಸದ್ದಿನಿಂದ. ಹೆಂಗಸರು ಜಗಲಿಯ ಮೇಲೆ ಕಲ್ಲು ಇಟ್ಟುಕೊಂಡು, ಮರದ ಕೊಡತಿಯಲ್ಲಿ ಹುಣಸೆಹಣ್ಣು ಬಡಿಯುತ್ತಾರೆ. ಬೀಜ ಒಂದು ಕಡೆ, ಹಣ್ಣು ಒಂದು ಕಡೆ. ಸದ್ದು ಬೆಟ್ಟದ ಕೋಟೆಗೋಡೆಗೆ ತಾಗಿ ಹಿಂದಿರುಗುವಾಗ, ಮೇಲೆಯೂ ಯಾರೋ ಕೂತು ಬಡಿಯುತ್ತಿದ್ದಾರೆ ಅನಿಸುತ್ತದೆ.

ಇದರ ನಡುವೆ ಒಂದು ಮನೆಯಿಂದ ಹೊಲಿಗೆ ಮಿಷನ್ನಿನ ಸದ್ದು ಬರಬೇಕು. ಈ ವರ್ಷ ಎಷ್ಟೋ ಬೆಳಗುಗಳಲ್ಲಿ ಅದು ಬರಲಿಲ್ಲ. ಬಾರದಿದ್ದರೆ ಬೀದಿಗೆ ಗೊತ್ತಾಗುತ್ತಿತ್ತು, ಶಶಿರೇಖಾ ಮಿಷನ್ ಬಿಟ್ಟು ಲ್ಯಾಪ್‌ಟಾಪ್ ಮುಂದೆ ಕೂತಿದ್ದಾಳೆ ಅಂತ.

ರವಿಕೆ ಕೇಳಲು ಬಂದವರಿಗೆ ಅವಳ ಗಂಡ ತಿಮ್ಮರಾಜು ಬಾಗಿಲಲ್ಲೇ ಉತ್ತರ ಕೊಡುತ್ತಿದ್ದ. ಅವನದು ಮಧುಗಿರಿಗೆ ಸಾಮಾನು ಸಾಗಿಸುವ ಲಗೇಜ್ ಆಟೋ.

“ಅವಳು ಮನೆ ಕಟ್ಟುಸ್ತಾವ್ಳೆ ಕಣಮ್ಮ. ಮುಗೀಲಿ, ಆಮೇಲೆ ನಿನ್ನ ರವಿಕೆ.”

“ಮನೇನಾ? ಎಲ್ಲಪ್ಪಾ?”

“ಸಿಂಗಾಪುರ ಅಂತಾಳೆ. ನಾನೂ ನೋಡಿಲ್ಲ.”

ಕೇಳಿದವರು ನಗುತ್ತಿದ್ದರು. ಒಳಗಿಂದ ಶಶಿರೇಖಾಳೂ ನಗುತ್ತಿದ್ದಳು. ಅವನು ಹೇಳಿದ್ದು ಸುಳ್ಳೇನೂ ಅಲ್ಲ. ಅವಳು ಬಾಡಿಗೆಗೆ ಹಿಡಿದ ಸರ್ವರ್ ಇದ್ದದ್ದು ಸಿಂಗಾಪುರದಲ್ಲೇ. ಅದರಲ್ಲಿ ಅವಳು ಕಟ್ಟುತ್ತಿದ್ದದ್ದು ಒಂದು ಬ್ಲಾಗು.

ನಾನು ಕಾಲೇಜಿಗೆ ಹಿಡಿಯುವ ಬಸ್ಸು ನಿಲ್ಲುವುದು ಅವರ ಮನೆಯ ಎದುರಿಗೆ. ಬಸ್ಸು ತಡವಾದ ದಿನಗಳಲ್ಲಿ ಆ ಜಗಲಿಯ ಮೇಲೆ ಕೂತು ನಾನು ನೋಡಿದ್ದು, ಶಶಿಯಕ್ಕನ ಬಾಯಿಂದಲೇ ಕೇಳಿದ್ದು ಇದು.

ಶಶಿರೇಖಾ ಓದಿದ್ದು ಪಿಯುಸಿವರೆಗೆ. ಕಂಪ್ಯೂಟರ್ ಎಂದರೆ ಪಡಿತರ ಚೀಟಿ ತಿದ್ದಿಸಲು ಹೋದಾಗ ಕೌಂಟರಿನ ಆಚೆ ಕಂಡದ್ದಷ್ಟೇ. ಬ್ಲಾಗು ಮಾಡಬೇಕೆಂಬ ಆಸೆ ಅವಳಿಗೆ ಬಂದದ್ದು ಅತ್ತೆ ಓಬಕ್ಕನಿಂದ.

ಓಬಕ್ಕನಿಗೆ ಎಪ್ಪತ್ತು ದಾಟಿದೆ. ಮಳೆ ಬಿದ್ದು ಹೊಲದ ಬದುಗಳು ಹಸಿರಾದರೆ ಮಡಿಲು ಕಟ್ಟಿಕೊಂಡು ಹೊರಡುತ್ತಿದ್ದಳು. ಬರುವಾಗ ಮಡಿಲ ತುಂಬ ಬೆರಕೆ ಸೊಪ್ಪು. ಅಣ್ಣೆ, ಗಣಿಕೆ, ಹೊನಗೊನ್ನೆ, ಗೋಣಿ, ಜೊತೆಗೆ ಹೆಸರೇ ಗೊತ್ತಿಲ್ಲದ ಎಷ್ಟೋ ಎಲೆ. ಒಂದೊಂದರಲ್ಲೂ ಒಂದೊಂದು ಹಿಡಿ. ಮಳೆ ಹೆಚ್ಚಾದಾಗ ಹುಳಿ ಇರುವ ಎಲೆ ಕಡಿಮೆ, ಮನೆಯಲ್ಲಿ ಬಾಣಂತಿ ಇದ್ದರೆ ಇಂಥದ್ದು ಬೇಡ, ಬಾಯಿ ಹುಣ್ಣಾದರೆ ಗಣಿಕೆ ಎರಡು ಹಿಡಿ. ಅವಳ ಬೆರಕೆ ಒಂದು ದಿನದ ಹಾಗೆ ಇನ್ನೊಂದು ದಿನ ಇರುತ್ತಿರಲಿಲ್ಲ. ಸೊಪ್ಪು ಬಿಡಿಸುತ್ತ ಅವಳು ಹೇಳುತ್ತಿದ್ದಳು, ಶಶಿರೇಖಾ ಫೋನಿನಲ್ಲಿ ಒತ್ತಿ ಒತ್ತಿ ಬರೆಯುತ್ತಿದ್ದಳು. ಬರೆದದ್ದನ್ನು ಓದಿ ಕೇಳಿಸಿದರೆ ಓಬಕ್ಕ ತಲೆದೂಗಿ, ಕೊನೆಗೆ ಪ್ರತಿ ಸಲ ಒಂದೇ ಪ್ರಶ್ನೆ ಕೇಳುತ್ತಿದ್ದಳು.

“ಮಾರಕ್ಕನ ಮನೆಗೂ ಹಾಕಿದ್ಯೇನೇ?”

ಮಾರಕ್ಕ ಓಬಕ್ಕನ ಮಗಳು. ಪಾವಗಡಕ್ಕೆ ಕೊಟ್ಟಿದ್ದಾರೆ. ಶಶಿರೇಖಾ “ಹೂಂ ಅತ್ತೆ, ಹಾಕಿದೆ” ಎಂದು ವಾಟ್ಸಾಪಿನಲ್ಲಿ ಕಳಿಸುತ್ತಿದ್ದಳು. ದೂರದ ಮಗಳಿಗೂ ತನ್ನ ಮಾತು ಕೇಳಲಿ ಎಂಬ ತಾಯಿಯ ಆಸೆ ಇರಬೇಕು ಅಂದುಕೊಂಡಿದ್ದಳು.

ಆಮೇಲೆ ಆ ಬರಹಗಳನ್ನು ತುಮಕೂರಿನ ಯಾರೋ ನಡೆಸುವ ಒಂದು ಅಡುಗೆ ಪುಟಕ್ಕೂ ಕಳಿಸತೊಡಗಿದಳು. ಜನ ಮೆಚ್ಚಿದರು. ಹೋದ ಶ್ರಾವಣದಲ್ಲಿ ನೋಡಿದರೆ, ಅಣ್ಣೆ ಸೊಪ್ಪಿನ ಬರಹಕ್ಕೆ ಯಾವುದೋ ಹೂಕುಂಡದ ಗಿಡದ ಚಿತ್ರ. ಕೆಳಗೆ, ‘ನಮ್ಮ ಅಜ್ಜಿ ಹೇಳಿಕೊಟ್ಟದ್ದು’ ಎಂಬ ಸಾಲು.

“ಇವನ ಅಜ್ಜಿ ಯಾವಾಗಾದ್ರಿ ಅತ್ತೆ ನೀವು?” ಶಶಿರೇಖಾಳಿಗೆ ಉರಿದುಹೋಯಿತು.

ಓಬಕ್ಕ ಎಲೆಯಡಿಕೆ ಬಾಯಲ್ಲೇ ನಕ್ಕಳು. “ಆಗ್ಲಿ ಬುಡು. ಮೊಮ್ಮಗ ಒಬ್ಬ ಹೆಚ್ಚಾದ.” ಸ್ವಲ್ಪ ಹೊತ್ತು ಬಿಟ್ಟು, “ಆದ್ರೆ ಆ ಗಿಡದ ಪಟ ತೆಗೆಸು ಕಣೇ. ಯಾರಾನ ತಿಂದ್ಬುಟ್ಟಾರು” ಎಂದಳು.

ಶಶಿರೇಖಾ ಪುಟದವರಿಗೆ ಬರೆದಳು. ಚಿತ್ರ ಹೋಗಲಿಲ್ಲ. ಅವತ್ತೇ ಅವಳ ಮನಸ್ಸಿಗೆ ಬಂದದ್ದು, ಇನ್ನೊಬ್ಬರ ಜಗಲಿ ಸಾಕು, ನಮ್ಮದೇ ಮನೆ ಬೇಕು. ಬಂದ ಯೋಚನೆ ರವಿಕೆಗಳ ನಡುವೆ ಹಾಗೇ ಉಳಿಯಿತು.

ಕಾರ್ತಿಕದಲ್ಲಿ ಓಬಕ್ಕನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು. ಆಸ್ಪತ್ರೆಯಿಂದ ಬಂದಾಗ ನಾಲಿಗೆಯಲ್ಲಿ ಉಳಿದದ್ದು ಎರಡು ಮೂರು ಪದ. ಕಣ್ಣು ಮಾತ್ರ ಮೊದಲಿನಂತೆಯೇ ಎಲ್ಲವನ್ನೂ ನೋಡುತ್ತಿತ್ತು. ಅವಳು ಹೇಳಿದ್ದೆಲ್ಲ ಈಗ ಇದ್ದದ್ದು ಆ ಬರಹಗಳಲ್ಲಿ ಮಾತ್ರ, ಅದೂ ಇನ್ನೊಬ್ಬರ ಅಜ್ಜಿಯ ಹೆಸರಿನಲ್ಲಿ. ಇನ್ನೊಂದು ಸಲ ಕೇಳಿ ಬರೆದುಕೊಳ್ಳುವಂತಿರಲಿಲ್ಲ.

ಶಶಿರೇಖಾ ಮಧುಗಿರಿಯಿಂದ ಹಳೆಯ ಲ್ಯಾಪ್‌ಟಾಪ್ ತಂದಳು. ಯೂಟ್ಯೂಬ್ ನೋಡುತ್ತ ಕಲಿತಳು. ವಿಡಿಯೋ ನಿಲ್ಲಿಸುವುದು, ಒಂದು ಸಾಲು ಒತ್ತುವುದು, ಮತ್ತೆ ಮುಂದಕ್ಕೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಸರಸರ ಓಡಿದರೆ ಏನೋ ಕೆಡಿಸಿಬಿಟ್ಟೆ ಎಂದು ಕೈ ತೆಗೆದುಬಿಡುತ್ತಿದ್ದಳು. ಒಂದು ಚುಕ್ಕೆ ತಪ್ಪಿದರೆ ಇಡೀ ಬೆಳಗು ಹೋಗುತ್ತಿತ್ತು. ಆದರೆ ಹೊಲಿಗೆಯವಳಿಗೆ ಬಿಚ್ಚಿ ಮತ್ತೆ ಹೊಲಿಯುವುದು ಹೊಸದಲ್ಲ.

ಮೊದಲು ಕೊಂಡದ್ದು ಬ್ಲಾಗಿನ ವಿಳಾಸಕ್ಕೊಂದು ಹೆಸರು, ಓಬಕ್ಕನ ಹೆಸರು ಸೇರಿದ್ದು. ಆ ಹೆಸರು ಒತ್ತಿದರೆ ತನ್ನ ಸರ್ವರ್ ತೆರೆಯಬೇಕು, ತೆರೆಯಲಿಲ್ಲ. ಹೆಸರು ಎಲ್ಲ ಕಡೆ ಹರಡಲು ಒಂದು ದಿನವಾದರೂ ಬೇಕು ಎಂದು ವಿಡಿಯೋದವನು ಹೇಳಿದ.

“ಒಂದು ದಿನಾನಾ?” ತಿಮ್ಮರಾಜು ಬೂಟಿನ ಮಣ್ಣು ಕೊಡವುತ್ತ ಕೇಳಿದ. “ನೀನೂ ಅಮ್ಮನೂ ಜಗಳ ಆಡಿದ್ರೆ ಅರ್ಧ ಗಂಟೇಲಿ ಪಕ್ಕದ ಬೇಡತ್ತೂರಿಗೆ ಗೊತ್ತಾಗೋದು. ಅದೆಂಥ ಸಿಂಗಾಪುರನೋ.”

ಮಂಚದ ಮೇಲಿದ್ದ ಓಬಕ್ಕನ ಬಾಯಿ ಒಂದು ಕಡೆಗೆ ನಕ್ಕಿತು.

ಮರುದಿನ ಹೆಸರು ಒತ್ತಿದಾಗ ಬಿಳಿ ಪುಟ ತೆರೆಯಿತು. ವಿಳಾಸದ ಪಕ್ಕ, ಪುಟ ಭದ್ರ ಎಂದು ತೋರಿಸುವ ಬೀಗದ ಗುರುತು ಬರುವಂತೆ ಮಾಡಲು ಇನ್ನೊಂದು ವಾರ. ಕಲಿಯುವಾಗ ಹಾಕಿದ ಅ ಆ ಇ ಈ, ಮೇಕೆಯ ಚಿತ್ರ, ಓರೆಯಾದ ಶೀರ್ಷಿಕೆ ಎಲ್ಲ ಹಾಗೇ ಬಿದ್ದಿದ್ದವು. ಅವುಗಳ ನಡುವೆಯೇ ಓಬಕ್ಕನ ಬರಹಗಳನ್ನು ಅಡುಗೆ ಪುಟದಿಂದ ಒಂದೊಂದಾಗಿ ತಂದು ಜೋಡಿಸಿದಳು. ಎಲ್ಲ ತಂದ ಮೇಲೆ ಪುಟದವರಿಗೆ ಖಡಕ್ಕಾಗಿ ಬರೆದಳು, ನಮ್ಮದನ್ನು ಅಳಿಸಿ ಎಂದು. ಈ ಸಲ ಅವರು ತಕ್ಷಣ ಅಳಿಸಿದರು. ಹೊಸ ಮನೆಗೆ ಸಾಮಾನು ಸಾಗಿಸಿದ ಮೇಲೆ ಹಳೇ ಮನೆ ಖಾಲಿ ಮಾಡಿಕೊಟ್ಟ ಸಮಾಧಾನ ಅವಳಿಗೆ.

ಮನೆ ಎಂದ ಮೇಲೆ ಪ್ರವೇಶಕ್ಕೆ ಮುಹೂರ್ತ ಬೇಡವೇ? ಶಶಿರೇಖಾ ಈಶ್ವರನ ಗುಡಿಯ ಚಂದ್ರಶೇಖರಯ್ಯನವರನ್ನು ಕೇಳಿದಳು. ಅವರು ಕನ್ನಡಕ ಹಣೆಗೇರಿಸಿ, “ಬಾಗ್ಲು ಯಾವ ದಿಕ್ಕಿಗಮ್ಮಾ?” ಅಂದರು.

“ಬಾಗ್ಲು ಇಲ್ಲ ಅಯ್ನೋರೇ. ಎಲ್ಲಾ ಕಡೆಯಿಂದ್ಲೂ ಬರಬೌದು.”

“ಅಂಗಾದ್ರೆ ಶಿವನ ಮನೇನೇ ಬುಡು.” ಪಂಚಾಂಗ ತಿರುವಿ, ಶುಕ್ರವಾರ ರಾಹುಕಾಲಕ್ಕೆ ಮುಂಚೆ ಒಳ್ಳೆಯ ಹೊತ್ತು ಎಂದರು. ಹೊರಟವಳನ್ನು ಕರೆದು, “ಹಿಂದಿನ ದಿನ ಗುಡಿಸಿ ತೊಳೆದು ಮಾಡು. ಕೆಲಸದೋರ ಕಸ ಮನೇಲಿ ಇಟ್ಕೊಂಡು ಹಾಲು ಉಕ್ಕಿಸಬ್ಯಾಡ” ಎಂದೂ ಸೇರಿಸಿದರು.

ಗುರುವಾರ ದೀಪ ಹಚ್ಚುವ ಹೊತ್ತಿಗೆ ಶಶಿರೇಖಾ ತೊಳೆಯಲು ಕೂತಳು. ಮೇಕೆ, ಅ ಆ ಇ ಈ, ತಾನೇ ಕೆಡಿಸಿಟ್ಟಿದ್ದ ಎಷ್ಟೋ ಕಡತಗಳು. ಒಂದೊಂದೇ ತೆಗೆಯುವುದಕ್ಕಿಂತ, ಎಲ್ಲ ಅಳಿಸಿ ಹೊಸದಾಗಿ ಹಾಕುವ ಒಂದು ಗುಂಡಿ ಇತ್ತು. ಒತ್ತಿದರೆ ಎಚ್ಚರಿಕೆ ಬಂತು: ಇದರೊಳಗಿನದೆಲ್ಲ ಅಳಿದುಹೋಗುತ್ತದೆ, ಆಗಬಹುದೇ? ಅವಳಿಗೆ ಬೇಕಾಗಿದ್ದದ್ದೂ ಅದೇ. ಬರಹಗಳ ಚಿಂತೆ ಇರಲಿಲ್ಲ. ಹಿಂದಿನ ದಿನವೇ ಬ್ಯಾಕಪ್ ಮಾಡಿದ್ದಳು, ಹಸಿರು ಗುರುತು ಬಂದದ್ದನ್ನು ಕಣ್ಣಾರೆ ನೋಡಿದ್ದಳು. ಆಗಬಹುದು ಎಂದು ಒತ್ತಿದಳು.

ಪುಟ ಹೊಸ ಸುಣ್ಣದ ಗೋಡೆಯಂತೆ ಬೆಳ್ಳಗೆ ಬಂತು. ಎಂಥ ಚಂದ ಅನಿಸಿತು. ಆಮೇಲೆ ಬ್ಯಾಕಪ್ ತರಲು ಹುಡುಕಿದಳು. ಎಲ್ಲೂ ಇರಲಿಲ್ಲ. ಸರ್ವರ್ ಕೊಟ್ಟವರ ಸಹಾಯವಾಣಿಗೆ ಫೋನು ಮಾಡಿದಳು. ಆ ಕಡೆಯ ಹುಡುಗಿ ಕನ್ನಡದವಳೇ.

“ಬ್ಯಾಕಪ್ ಎಲ್ಲಿಟ್ಟಿದ್ರಿ ಮೇಡಂ?”

“ಅದ್ರೊಳಗೇ.”

“ಅದ್ರೊಳಗೆ ಅಂದ್ರೆ? ಅದೇ ಸರ್ವರ್‌ನಲ್ಲಾ?”

“ಹೂಂ.”

“ಸರ್ವರ್ ಅಳಿಸಿದಾಗ ಅದೂ ಅಳಿಸಿ ಹೋಗಿರುತ್ತೆ ಮೇಡಂ.” ಆಗ ಶಶಿರೇಖಾಳಿಗೆ ಎಲ್ಲ ಅರ್ಥವಾಯಿತು. ಮನೆಯ ಚಿನ್ನವನ್ನೆಲ್ಲ ಗಂಟು ಕಟ್ಟಿ ಭದ್ರವಾಗಿ ಅದೇ ಮನೆಯಲ್ಲಿಟ್ಟು, ಮನೆಯನ್ನೇ ಕೆಡವಿದ್ದಳು.

ಫೋನಿನಲ್ಲಿ ಹಳೆಯದು ಇರಬಹುದೆಂದು ಆಸೆಪಡುವಂತೆಯೂ ಇರಲಿಲ್ಲ. ಅವಳ ಫೋನು ದೀಪಾವಳಿ ಹೊತ್ತಿಗೆ ಸೊಪ್ಪು ತೊಳೆಯುವ ಬಕೆಟ್ಟಿಗೆ ಬಿದ್ದು ಸತ್ತಿತ್ತು. ಹೊಸದಕ್ಕೆ ಹಳೇ ಮೆಸೇಜುಗಳು ಬಂದಿರಲಿಲ್ಲ. ಅಡುಗೆ ಪುಟದವರನ್ನು ಕೇಳಿದಳು. ಅಳಿಸಿದ್ದು ಅಳಿಸಿದ್ದೇ ಎಂದರು. ತಾನೇ ಅಲ್ಲವೇ ಅಳಿಸಿ ಎಂದು ಗದರಿದ್ದು.

ಶುಕ್ರವಾರ ಬೆಳಗ್ಗೆ ಬೀದಿ ಎಂದಿನಂತೆ ಹುಣಸೆ ಬಡಿಯುತ್ತಿತ್ತು. ತಿಮ್ಮರಾಜು ಬಾಗಿಲಿಗೆ ಮಾವಿನೆಲೆ ಕಟ್ಟುತ್ತಿದ್ದ. ಅವನಿಗೆ ಇನ್ನೂ ಹೇಳಿರಲಿಲ್ಲ. ಶಶಿರೇಖಾ ಮೊದಲು ಹೋದದ್ದು ಅತ್ತೆಯ ಮಂಚದ ಹತ್ತಿರ. ಕೆಳಗೆ ಕೂತು, ಮಂಚದ ಪಟ್ಟಿ ಹಿಡಿದುಕೊಂಡಳು.

“ಅತ್ತೆ, ನೀವು ಹೇಳಿದ್ದೆಲ್ಲ ಹೋಯ್ತು. ನಾನೇ ತೊಳೆದ್ಬುಟ್ಟೆ.”

ಓಬಕ್ಕ ಅವಳನ್ನೇ ನೋಡಿದಳು. ಮುಖದಲ್ಲಿ ಸಿಟ್ಟು ಇರಲಿಲ್ಲ. ಯಾವುದೋ ಸಾಮಾನು ಎಲ್ಲಿಟ್ಟಿದ್ದೀಯೆಂದು ಕೇಳುವವರ ಹಾಗೆ ಹುಬ್ಬು ಮೇಲೇರಿತು. ಎಡಗೈಯನ್ನು ಮುಷ್ಟಿ ಮಾಡಿ, ಸತ್ತಂತಿದ್ದ ಬಲಗೈಯ ಅಂಗೈಯಲ್ಲಿ ಇಟ್ಟು, ನಿಧಾನವಾಗಿ ಬಿಚ್ಚಿದಳು. ಏನನ್ನೋ ಸುರಿದಂತೆ. ಮತ್ತೆ ಇನ್ನೊಂದು ಸಲ. ತುಟಿ ಒದ್ದಾಡಿ ಒಂದು ಹೆಸರು ಬಂತು.

“ಮಾರಿ.”

ಮಾರಕ್ಕನನ್ನು ಅವಳು ಕರೆಯುತ್ತಿದ್ದದ್ದೇ ಹಾಗೆ. ಮಗಳನ್ನು ನೋಡಬೇಕೇನೋ ಎಂದುಕೊಂಡ ಶಶಿರೇಖಾ ಏಳಲು ಹೋದಳು. ಓಬಕ್ಕ ಅವಳ ಸೆರಗು ಹಿಡಿದು ಎಳೆದಳು. ಮತ್ತೆ ಮುಷ್ಟಿ, ಮತ್ತೆ ಸುರಿಯುವುದು.

ಆಗ ಶಶಿರೇಖಾಳಿಗೆ ಬೂದಿಯ ವಾಸನೆ ನೆನಪಾಯಿತು.

ಪ್ರತಿ ಸುಗ್ಗಿ ಮುಗಿದ ಮೇಲೆ ಓಬಕ್ಕ ಬೀಜದ ಕಾಳಿಗೆ ಬೂದಿ ಬೆರೆಸಿ ಎರಡು ಪಾಲು ಮಾಡುತ್ತಿದ್ದಳು. ಒಂದು ಮನೆಯಲ್ಲಿ, ಇನ್ನೊಂದು ಪಾವಗಡದಲ್ಲಿ ಮಾರಕ್ಕನ ಮನೆಯಲ್ಲಿ. ಇಲಿ ಬಿದ್ದರೂ ಬೆಂಕಿ ಬಿದ್ದರೂ ಎರಡು ಊರಿಗೆ ಒಟ್ಟಿಗೇ ಬೀಳುವುದಿಲ್ಲ. ಇಟ್ಟುಕೊಂಡವರು, ಕೊಟ್ಟವರು ಬಂದು ಕೇಳುವವರೆಗೂ ಅದನ್ನು ಮುಟ್ಟುವಂತಿಲ್ಲ. ಮನೆಯಲ್ಲಿ ಹುರುಳಿ ಮುಗಿದಿದ್ದರೂ ಬೀಜದ ಹುರುಳಿ ಸಾರಿಗೆ ಬೀಳುವಂತಿಲ್ಲ. ಓಬಕ್ಕನ ಅತ್ತೆಯ ಕಾಲದಿಂದಲೂ ಆ ಮನೆ ನಡೆದದ್ದು ಹಾಗೆ.

ಮಾರಕ್ಕನ ಮನೆಗೂ ಹಾಕಿದ್ಯೇನೇ. ಮಗಳ ಮೇಲಿನ ಆಸೆಗೆ ಕೇಳಿದ ಪ್ರಶ್ನೆ ಅದಾಗಿರಲಿಲ್ಲ.

ಶಶಿರೇಖಾ ಮಾರಕ್ಕನಿಗೆ ಫೋನು ಮಾಡಿದಳು.

“ಅತ್ತಿಗೆ, ನಾನು ನಿಮಗೆ ಸೊಪ್ಪಿನ ಬಗ್ಗೆ ಕಳಿಸ್ತಿದ್ನಲ್ಲ, ಅದು ಐತಾ?”

“ಏಮಮ್ಮಾ, ಪೊದ್ದುಪೊದ್ದುನ್ನೇ, ಬೆಳಬೆಳಗ್ಗೇನೇ ಇಂಥ ಪ್ರಶ್ನೆ?” ಆ ಕಡೆ ಮಾರಕ್ಕನ ಗಂಟಲು ದೊಡ್ಡದು. ಪಾವಗಡಕ್ಕೆ ಹೋದ ಮೇಲೆ ಅವಳ ಕನ್ನಡದ ತುಂಬ ತೆಲುಗು. “ಇರದೆ ಏನಾಯ್ತದೆ? ಫೋನು ತುಂಬೋಯ್ತು, ತುಂಬೋಯ್ತು ಅಂತ ದಿನಾ ಬಡ್ಕೋತದೆ. ನಮ್ಮ ಯಜಮಾನ್ರ ತಮ್ಮನ ಮದುವೆ ವಿಡಿಯೋ ಅಷ್ಟೂ ತೆಗೆದ್ಬುಟ್ಟೆ. ಅವ್ರು ಇವತ್ತಿಗೂ ನನ್ ಕುಟ್ಟೆ ಮಾತಾಡಲ್ಲ. ನಿನ್ ಸೊಪ್ಪು ಮುಟ್ಟಿಲ್ಲ.”

“ಯಾಕತ್ತಿಗೆ?”

“ಯಾಕೆ ಅಂತ ಕೇಳ್ತೀಯಲ್ಲ! ಅಮ್ಮ ಇಡೋಕೆ ಕೊಟ್ಟಿದ್ದಲ್ವಾ? ನೀವು ಬಂದು ಕೇಳೋವರ್ಗೂ ನಾನು ಎಂಗೆ ತೆಗೀಲಿ?”

ಶಶಿರೇಖಾ ಫೋನನ್ನು ಅತ್ತೆಯ ಕಿವಿಗೆ ಹಿಡಿದಳು. ಮಾರಕ್ಕ ಇನ್ನೂ ಏನೋ ಬೈಯುತ್ತಿದ್ದಳು. ಓಬಕ್ಕ ಕಣ್ಣು ಮುಚ್ಚಿಕೊಂಡು ಕೇಳಿದಳು.

ಅಷ್ಟರಲ್ಲಿ ಚಂದ್ರಶೇಖರಯ್ಯನವರು ಬಂದರು. ಹಿಂದೆಯೇ ಕೊಡತಿ ಕೆಳಗಿಟ್ಟು ಬಂದ ನಾಲ್ಕಾರು ಹೆಂಗಸರು, ಹುಣಸೆಯಿಂದ ಅಂಟಾದ ಕೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತ.

“ಎಲ್ಲಮ್ಮಾ ಶಶಿರೇಖಾ, ತೋರ್ಸು ಮನೇನ.”

ಅವಳು ಲ್ಯಾಪ್‌ಟಾಪ್ ತಿರುಗಿಸಿದಳು. ಮೇಲೆ ಓಬಕ್ಕನ ಹೆಸರು, ಕೆಳಗೆ ಬಿಳಿ ಬಯಲು. ಆದದ್ದನ್ನು ಎಲ್ಲರ ಎದುರಿಗೂ ಹೇಳಿಬಿಟ್ಟಳು. ತಿಮ್ಮರಾಜುವಿನ ಕೈಯಲ್ಲಿದ್ದ ಮಾವಿನೆಲೆ ಹಾಗೇ ನಿಂತಿತು.

“ತೊಳೀ ಅಂದೋನು ನಾನೇ ಕಣಮ್ಮ” ಎಂದರು ಅಯ್ಯನವರು, ತಲೆ ಕೆರೆದುಕೊಂಡು. ಪರದೆಯನ್ನು ಇನ್ನೊಮ್ಮೆ ನೋಡಿದರು. “ಆದ್ರೂ ಖಾಲಿ ಮನೆಗೇ ಅಲ್ವಾ ಹಾಲು ಉಕ್ಕಿಸೋದು? ಸಾಮಾನು ಆಮೇಲೆ ಬತ್ತದೆ. ಒಲೆ ಹಚ್ಚು.”

ಹಾಲು ಉಕ್ಕಿತು. ಉಕ್ಕಿ ಗ್ಯಾಸ್ ಒಲೆಯ ಬರ್ನರ್ ಆರಿಹೋಯಿತು. ತಿಮ್ಮರಾಜು ಬೆಂಕಿಕಡ್ಡಿ ಹುಡುಕುತ್ತ, “ಸಿಂಗಾಪುರದ ಮನೇಲೂ ಇಂಗೇ ಆಯ್ತದಾ?” ಅಂದಾಗ ಹೆಂಗಸರೆಲ್ಲ ನಕ್ಕರು. ಶಶಿರೇಖಾ ಆ ದಿನ ಮೊದಲ ಸಲ ನಕ್ಕಳು.

ಲ್ಯಾಪ್‌ಟಾಪನ್ನು ಹೊಲಿಗೆಯ ಚೀಲಕ್ಕೆ ಹಾಕಿಕೊಂಡು ಪಾವಗಡದ ಬಸ್ಸು ಹತ್ತಿದಳು. ಪಾವಗಡದಲ್ಲೂ ಒಂದು ಕೋಟೆಬೆಟ್ಟ, ಅದರ ನೆರಳು ಬೀಳುವ ಬೀದಿಯಲ್ಲಿ ಮಾರಕ್ಕನ ಮನೆ. ಒಳಕೋಣೆಯಲ್ಲಿ ಬೂದಿ ಬೆರೆತ ಕಾಳಿನ ಮಡಕೆ, ಮೇಲೆ ಸಗಣಿ ಮೆತ್ತಿದ ಮುಚ್ಚಳ. ಮಡಕೆಯ ಪಕ್ಕದ ಗೂಡಿನಲ್ಲಿ ಚಾರ್ಜಿಗಿಟ್ಟ ಫೋನು.

ಎಲ್ಲ ಬರಹಗಳೂ ಇದ್ದವು. ಶಶಿರೇಖಾ ಮರೆತಿದ್ದ ಇನ್ನೊಂದೂ ಇತ್ತು. ಮಾರಕ್ಕ ಅಕ್ಷರ ಕೂಡಿಸಿ ನಿಧಾನಕ್ಕೆ ಓದುವವಳು, ಬರೆಯುವುದು ಅವಳ ಕೈಗೆ ಬಗ್ಗದು. ಅದಕ್ಕೇ ಪ್ರತಿ ಬರಹಕ್ಕೂ ದನಿಯಲ್ಲೇ ಉತ್ತರ ಕಳಿಸಿದ್ದಳು. ಅಣ್ಣೆ ಸೊಪ್ಪಿಗೆ, “ಇದ್ನ ಇಲ್ಲಿ ಗುರುಗು ಅಂತಾರೆ.” ಹೊನಗೊನ್ನೆಗೆ, “ಪೊನ್ನಗಂಟಿ. ಕಣ್ಣಿಗೆ ಒಳ್ಳೇದು ಅಂತ ಎಲ್ಲಮ್ಮನ ಗುಡಿ ಹಿಂದೆ ಮಾರ್ತಾರೆ.” ಗಣಿಕೆಗೆ, “ಕಾಮಂಚಿ. ಶಶಿ, ಅಮ್ಮನ್ನ ಕೇಳು, ಇದಕ್ಕೆ ಹುಳಿ ಹಾಕೋದಾ ಬ್ಯಾಡ್ವಾ.” ಅದರ ಕೆಳಗೆ, ಶಶಿರೇಖಾಳ ಫೋನು ಬಾಯಿಗೆ ಹಿಡಿದು ಮಾತಾಡಿದ ಓಬಕ್ಕನ ದನಿ. ಎಲೆಯಡಿಕೆ ತುಂಬಿದ, ಲಕ್ವಕ್ಕೆ ಮುಂಚಿನ ದನಿ.

“ಹುಳಿ ಬ್ಯಾಡ ಕಣ್ಲೇ ಮಾರಿ. ಹಿಂದಿನ್ ಸಲಾನೂ ಹೇಳಿದ್ದೆ.”

ಇಬ್ಬರೂ ಆ ಮಾತನ್ನು ಮತ್ತೆ ಮತ್ತೆ ಹಾಕಿ ಕೇಳಿದರು. ಮಾರಕ್ಕ ಮೂಗೊರೆಸಿಕೊಂಡು, “ಸರಿ, ಕೊಟ್ಟಿದ್ದೀನಿ, ತಗೊಂಡೋಗು. ಆದ್ರೆ ನನ್ ಪಾಲು ನನ್ನತ್ರಾನೇ ಇರ್ತದೆ” ಅಂದಳು.

ಆ ದನಿಗಳೂ ಈಗ ಬ್ಲಾಗಿನಲ್ಲಿವೆ. ಪ್ರತಿ ಸೊಪ್ಪಿಗೂ ಎರಡು ಭಾಷೆಯ ಹೆಸರು, ಬದುವಿನಲ್ಲೇ ತೆಗೆದ ಚಿತ್ರ. ಆಂಧ್ರದ ಮಡಕಶಿರಾ ಕಡೆಯಿಂದಲೂ ಯಾರೋ ಓದಿ, ತಮ್ಮೂರಿನಲ್ಲಿ ಗೋಣಿ ಸೊಪ್ಪಿಗೆ ಏನೆನ್ನುತ್ತಾರೆ ಎಂದು ಬರೆದಿದ್ದಾರೆ. ಹೊಲಿಗೆ ಮಿಷನ್ ಮತ್ತೆ ಓಡುತ್ತಿದೆ. ರವಿಕೆಗಳು ಈಗಲೂ ಹೇಳಿದ ದಿನಕ್ಕೆ ಸಿಗುವುದಿಲ್ಲ.

ಮುಂಗಾರು ಈ ಸಲ ಬೇಗ ಬಿತ್ತು. ನೆಲ ಆರುವ ಮುಂಚೆಯೇ ಓಬಕ್ಕ ಕೋಲು ಹಿಡಿದು ಎದ್ದಳು. ಬಲಗಾಲು ಇನ್ನೂ ಎಳೆಯುತ್ತದೆ. ಮಾತು ಒಂದೊಂದು ಪದವಾಗಿ ಹಿಂದಿರುಗುತ್ತಿದೆ. ಮೊದಲು ಬಂದವು ಸೊಪ್ಪಿನ ಹೆಸರುಗಳು, ಆಮೇಲೆ ಬೈಗುಳ. ಮೊನ್ನೆ ಬೆಳಗ್ಗೆ ಕಾಲೇಜಿಗೆ ರಜೆ ಇತ್ತು, ನಾನೂ ಅವರ ಜೊತೆ ಹೊಲಕ್ಕೆ ಹೋಗಿದ್ದೆ. ಬದುವಿನ ಮೇಲೆ ಕೂತು, ನನಗೂ ಒಂದು ಬ್ಲಾಗು ಮಾಡಲು ಹೇಳಿಕೊಡು ಅಂದೆ.

“ಕಷ್ಟ ಏನಿಲ್ಲ ಕಣಮ್ಮ” ಎಂದಳು ಶಶಿಯಕ್ಕ, ಕುಕ್ಕೆಯಲ್ಲಿದ್ದ ಅಣ್ಣೆ ಸೊಪ್ಪಿನ ಮಣ್ಣು ಕೊಡವುತ್ತ. “ಮೊದ್ಲು ಹೆಸರು ತಗೋ. ಆಮೇಲೆ ಜಾಗ. ಕಪ್ಪು ಪರದೆ ನೋಡಿ ಎದರಬ್ಯಾಡ, ಅದು ಕಚ್ಚಲ್ಲ. ಬೀಗದ ಗುರುತು ಬರೋವರ್ಗೂ ಯಾರಿಗೂ ಹೇಳಬ್ಯಾಡ.”

“ಶಶೀ.” ದೂರದಿಂದ ಓಬಕ್ಕ ಕೂಗಿದಳು. ಅವಳು ಆಚೆಯ ಬದುವಿನಲ್ಲಿ ಬಗ್ಗಿದ್ದಳು. ಎಡಗೈಯಲ್ಲಿ ಒಂದು ಎಲೆ ಮೇಲೆತ್ತಿ ಹಿಡಿದಿದ್ದಳು. “ಇಕಾ. ಇದು… ಬರ್ದಿಲ್ಲ.”

ಶಶಿಯಕ್ಕ ಕುಕ್ಕೆಯನ್ನು ನನ್ನ ಮಡಿಲಿಗಿಟ್ಟು ಎದ್ದಳು. ಫೋನನ್ನು ಸೊಂಟದಿಂದ ತೆಗೆಯುತ್ತ, ನನ್ನ ಕಡೆ ತಿರುಗದೆಯೇ ಮಾತು ಮುಂದುವರಿಸುತ್ತ, ಹಸಿ ಮಣ್ಣಿನಲ್ಲಿ ದಾಪುಗಾಲು ಹಾಕಿ ಹೊರಟಳು.

“ಇನ್ನೊಂದು, ಬ್ಯಾಕಪ್ ಮಾತ್ರ ನಿಮ್ಮನೇಲೇ ಇಡಬ್ಯಾಡ. ದೂರದೋರ ಹತ್ರ ಕೊಡು. ಕೊಟ್ಟ ಮೇಲೆ ಅವ್ರು ಅದನ್ನ, ನೀನಾಗಿ ಹೋಗಿ ಕೇಳೋವರ್ಗೂ ಮುಟ್ಟಂಗಿಲ್ಲ.”